ಮುಂದಿನ ದಾರಿ ಕಾಣದಾಗ: ಸಂತ ಜೋಸೆಫ್ ವಾಜ್



ಡಿಗ್ರಿ ಮುಗಿಯಿತು, ಮುಂದೇನು? ಚಪಳಗಾಂವದ ಕಟ್ಟೆಯ ಮೇಲೆ ಕೂತರೂ, ಸೊಲ್ಲಾಪುರದ ಬಸ್ಸಿನಲ್ಲಿ ನಿಂತರೂ ಈ ಪ್ರಶ್ನೆ ಬೆನ್ನು ಬಿಡುವುದಿಲ್ಲ. ಪುಣೆಗೆ ಹೋಗಬೇಕೇ, ಪೊಲೀಸ್ ಭರತಿಗೆ ಓದಬೇಕೇ, ಹೊಲ ನೋಡಿಕೊಂಡು ಇರಬೇಕೇ? ಬಿಎಸ್‌ಸಿ ಮುಗಿಸಿದ ನಮಗೂ ಉತ್ತರ ಗೊತ್ತಿಲ್ಲ. ಇಂಥ ಹೊತ್ತಿನಲ್ಲಿ ನಮಗೆ ನೆನಪಾಗುವವರು ಸಂತ ಜೋಸೆಫ್ ವಾಜ್.

ಅವರು ಹುಟ್ಟಿದ್ದು 1651ರ ಏಪ್ರಿಲ್ 21ರಂದು, ಗೋವಾದ ಬೆನೌಲಿಮ್‌ನಲ್ಲಿ. 1676ರಲ್ಲಿ ಗುರುದೀಕ್ಷೆ ಪಡೆದರು. ಆಗ ಸಿಲೋನ್, ಅಂದರೆ ಇಂದಿನ ಶ್ರೀಲಂಕಾದ ಕರಾವಳಿ ಡಚ್ಚರ ಕೈಯಲ್ಲಿತ್ತು. ಕಥೋಲಿಕ ಗುರುಗಳಿಗೆ ಅಲ್ಲಿ ಪ್ರವೇಶವಿರಲಿಲ್ಲ. ಬಲಿಪೂಜೆಯಿಲ್ಲದೆ ಕಂಗೆಟ್ಟಿದ್ದ ಆ ಜನರ ಬಳಿಗೆ ಹೋಗಬೇಕೆಂಬುದು ವಾಜ್ ಅವರ ಹಂಬಲ. ಆದರೆ 1681ರಲ್ಲಿ ಮೇಲಿನವರು ಅವರನ್ನು ಕಳುಹಿಸಿದ್ದು ಕೆನರಾಗೆ, ನಮ್ಮ ಕನ್ನಡ ಕರಾವಳಿಗೆ.

ಅಲ್ಲಿ ಅಧಿಕಾರ ಯಾರದೆಂದು ಗೋವಾದ ಕಡೆಯವರಿಗೂ ರೋಮ್ ನೇಮಿಸಿದ್ದ ಬಿಷಪರಿಗೂ ಜಗಳ ನಡೆದಿತ್ತು. ತಾವು ಬೇಡಿದ್ದು ಇದಲ್ಲವೆಂದು ವಾಜ್ ಕೈಕಟ್ಟಿ ಕೂರಲಿಲ್ಲ. ಮಂಗಳೂರು, ಬಸ್ರೂರು, ಕಲ್ಯಾಣಪುರಗಳಲ್ಲಿ ಓಡಾಡಿದರು. ಚರ್ಚುಗಳನ್ನು ಎತ್ತಿ ನಿಲ್ಲಿಸಿದರು, ಶಾಲೆಗಳನ್ನು ತೆರೆದರು, ಬಡವರ ಮನೆಬಾಗಿಲಿಗೆ ಹೋದರು. 1684ರಲ್ಲಿ ಗೋವಾಕ್ಕೆ ಮರಳಿ, ಒರಟೋರಿಯನ್ ಸಂಘ ಸೇರಿ ಮತ್ತೆ ಕಾದರು.

1687ರಲ್ಲಿ ದಾರಿ ತೆರೆಯಿತು. ಕೂಲಿಯವನ ವೇಷದಲ್ಲಿ, ಜಾನ್ ಎಂಬ ಸೇವಕನೊಡನೆ ತೂತ್ತುಕುಡಿಯಿಂದ ಸಮುದ್ರ ದಾಟಿದರು. ಜಾಫ್ನಾ ಮುಟ್ಟುವಷ್ಟರಲ್ಲಿ ಆಮಶಂಕೆಯಿಂದ ನೆಲಹಿಡಿದಿದ್ದರು. ಯಾರ ಪರಿಚಯವೂ ಇರಲಿಲ್ಲ. ಚೇತರಿಸಿಕೊಂಡ ಮೇಲೆ ಕೊರಳಿಗೆ ಜಪಸರ ಹಾಕಿಕೊಂಡು ಮನೆಮನೆ ಭಿಕ್ಷೆಗೆ ಹೊರಟರು. ಅದನ್ನು ಗುರುತಿಸಿದವರು ತಮ್ಮವರೆಂದು ತಿಳಿದುಕೊಂಡರು. ಸಿಕ್ಕವರಿಗೆ ರಾತ್ರಿ ಹೊತ್ತು ಗುಟ್ಟಾಗಿ ಬಲಿಪೂಜೆ ಅರ್ಪಿಸಿದರು. ಜನರಿಗಾಗಿ ತಮಿಳು ಕಲಿತರು, ಆಮೇಲೆ ಸಿಂಹಳವನ್ನೂ ಕಲಿತರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಧರ್ಮಪ್ರಾಂತ್ಯದ ಸಭೆಯಲ್ಲಿ ಇಂಗ್ಲಿಷ್ ಎಂದು ಒದ್ದಾಡುವ ನಮಗೆ ಇದು ಚಿಕ್ಕ ಮಾತಲ್ಲ.

1692ರಲ್ಲಿ ಕ್ಯಾಂಡಿಗೆ ಹೋದಾಗ ಪೋರ್ಚುಗೀಸರ ಗೂಢಚಾರನೆಂದು ಸೆರೆಗೆ ಹಾಕಿದರು. ಸೆರೆಯಲ್ಲೂ ಪ್ರಾರ್ಥನೆ ಬಿಡಲಿಲ್ಲ. ಮುಂದೊಮ್ಮೆ ಕ್ಯಾಂಡಿಯಲ್ಲಿ ಮಳೆ ಕೈಕೊಟ್ಟಾಗ, ಬಯಲಲ್ಲಿ ಪೀಠ ಕಟ್ಟಿ ಅವರು ಬೇಡಿದರೆಂದೂ ಮಳೆ ಸುರಿಯಿತೆಂದೂ ಹೇಳುತ್ತಾರೆ. ಮುಗಿಲು ನೋಡುತ್ತಾ ತೊಗರಿ ಬಿತ್ತುವ ನಮ್ಮ ಅಪ್ಪಂದಿರಿಗೆ ಆ ಕಾಯುವಿಕೆ ಏನೆಂದು ಹೇಳಿಕೊಡಬೇಕಾಗಿಲ್ಲ. 1697ರಲ್ಲಿ ಸಿಡುಬು ಬಂದು, ಮನೆಯವರೇ ರೋಗಿಗಳನ್ನು ಬಿಟ್ಟು ಓಡಿದಾಗ, ವಾಜ್ ಅವರ ಆರೈಕೆಗೆ ನಿಂತರು, ಸತ್ತವರನ್ನು ಮಣ್ಣು ಮಾಡಿದರು. 1711ರ ಜನವರಿ 16ರಂದು ಕ್ಯಾಂಡಿಯಲ್ಲೇ ಕಣ್ಣುಮುಚ್ಚಿದರು. 2015ರ ಜನವರಿ 14ರಂದು ಜಗದ್ಗುರು ಫ್ರಾನ್ಸಿಸ್ ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು.

ದೇವರು ಅವರಿಗೆ ಇಡೀ ದಾರಿಯನ್ನು ಮೊದಲೇ ತೋರಿಸಲಿಲ್ಲ. ಕೇಳಿದ ಊರು ಸಿಗಲು ಆರು ವರ್ಷ ಹಿಡಿಯಿತು. ಆ ವರ್ಷಗಳನ್ನು ಅವರು ಸಿಕ್ಕ ಊರಿನ ಜನರಿಗೆ ಕೊಟ್ಟರು. ನಮ್ಮಲ್ಲಿ ಕೆಲವರಿಗೆ ಈ ವರ್ಷವೂ ಕೆಲಸದ ಕರೆ ಬರಲಿಕ್ಕಿಲ್ಲ. ಅಲ್ಲಿಯವರೆಗೆ ಓದು ಬಿಡದಿರೋಣ, ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡೋಣ, ಅಪ್ಪನ ಜೊತೆ ಹೊಲಕ್ಕೆ ಇಳಿಯೋಣ. ಜನವರಿ 16ರ ಹಬ್ಬದಂದು ನಮ್ಮ ಚಿಂತೆಯನ್ನು ಈ ಸಂತರ ಮೂಲಕ ಪ್ರಭುವಿನ ಕೈಗೆ ಒಪ್ಪಿಸೋಣ.

ಸಂತ ಜೋಸೆಫ್ ವಾಜರೇ, ನಮಗಾಗಿ ಪ್ರಾರ್ಥಿಸಿರಿ.