ಜಪಸರ ಬಿಡದ ಕುದುರೆ ವ್ಯಾಪಾರಿ

ಪುನೀತರೆಂದರೆ ಮಠದ ಗೋಡೆಯೊಳಗೆ ಬಾಳಿದವರೆಂದೇ ನಾವು ಭಾವಿಸುವುದುಂಟು. ಸ್ಪೇನ್ ದೇಶದ ಸೆಫೆರಿನೊ ಹಿಮೆನೆಸ್ ಮಾಲ್ಯ ಅವರಾದರೋ ಸಂತೆಯ ಧೂಳಿನಲ್ಲಿ ಬಾಳಿದವರು. 1861ರಲ್ಲಿ ಜಿಪ್ಸಿ ಜನಾಂಗದಲ್ಲಿ ಜನಿಸಿದ ಅವರಿಗೆ ಓದುಬರಹ ತಿಳಿಯದು. ಕುದುರೆ, ಹೇಸರಗತ್ತೆಗಳ ಗುಣದೋಷವನ್ನು ಮಾತ್ರ ಚೆನ್ನಾಗಿ ಬಲ್ಲವರು. ಬಾರ್ಬಾಸ್ತ್ರೊ ಪಟ್ಟಣದಲ್ಲಿ ನೆಲೆನಿಂತು ಅವುಗಳ ವ್ಯಾಪಾರದಿಂದಲೇ ಜೀವಿಸಿದರು. ಕುಂಟನ್ನು ಮರೆಮಾಚಿ, ಹಲ್ಲಿನ ಲೆಕ್ಕ ತಪ್ಪಿಸಿ ಮಾರುವುದು ಆ ಕಸುಬಿನಲ್ಲಿ ಎಲ್ಲ ನಾಡಿನಲ್ಲೂ ಉಂಟಷ್ಟೆ. ಇವರು ಪ್ರಾಣಿಯ ಊನವನ್ನು ತಾವೇ ತಿಳಿಸುತ್ತಿದ್ದರು. ಒಮ್ಮೆ ಕಳವಿನ ಪ್ರಾಣಿಗಳನ್ನು ಕೊಂಡರೆಂಬ ಆಪಾದನೆಯಿಂದ ಸೆರೆಮನೆ ಸೇರಿದರೂ ನಿರ್ದೋಷಿಯೆಂದು ಬಿಡುಗಡೆ ಹೊಂದಿದರು.

ಹರೆಯದಲ್ಲಿ ಕುಲಪದ್ಧತಿಯಂತೆ ವರಿಸಿದ್ದ ತೆರೇಸಾರೊಡನೆ 1912ರಲ್ಲಿ ದೇವಾಲಯದಲ್ಲಿ ವಿವಾಹ ಸಂಸ್ಕಾರ ಪಡೆದರು. ಮಕ್ಕಳಿಲ್ಲದ ಆ ದಂಪತಿಗಳು ಪತ್ನಿಯ ಬಂಧುಗಳ ಮಗಳು ಪೆಪಿಟಾಳನ್ನು ಸ್ವಂತ ಮಗಳಂತೆ ಸಾಕಿದರು. 1922ರಲ್ಲಿ ಪತ್ನಿ ತೀರಿಕೊಂಡ ಮೇಲೆ, 1926ರಲ್ಲಿ, ಸಂತ ಫ್ರಾನ್ಸಿಸರ ಮೂರನೆಯ ಸಭೆಯನ್ನು ಸೇರಿದರು.

1936ರ ಜುಲೈ. ಅಂತರ್ಯುದ್ಧ ಆರಂಭವಾಗಿತ್ತು. ಒಬ್ಬ ಯುವ ಗುರುಗಳನ್ನು ಬೀದಿಯಲ್ಲಿ ಎಳೆದೊಯ್ಯುವುದನ್ನು ಕಂಡು ಈ ವೃದ್ಧರು ಅಡ್ಡ ಮಾತನಾಡಿದರು. ಅವರನ್ನೂ ಹಿಡಿದರು, ಜೇಬಿನಲ್ಲಿ ಜಪಸರ ದೊರೆಯಿತು. ಅದನ್ನು ಒಪ್ಪಿಸಿ ಜಪವನ್ನು ಬಿಟ್ಟರೆ ಪ್ರಾಣ ಉಳಿಯುತ್ತಿತ್ತು. ಪೆಪಿಟಾ ಬಂದು ಅದಕ್ಕಾಗಿಯೇ ಬೇಡಿಕೊಂಡಳು. ಸಾಕುಮಗಳ ಕಣ್ಣೀರನ್ನು ಮೀರುವುದು ಬಂದೂಕಿಗೆ ಎದೆಯೊಡ್ಡುವುದಕ್ಕಿಂತ ಕಠಿಣವಾಗಿದ್ದಿರಬೇಕೆಂದು ನಮಗೆ ತೋರುತ್ತದೆ. ಅವರು ಜಪಸರವನ್ನು ಬಿಡಲಿಲ್ಲ. ಆಗಸ್ಟ್ ತಿಂಗಳಲ್ಲಿ ಸ್ಮಶಾನದ ಬಳಿ ಗುಂಡಿಟ್ಟು ಕೊಂದಾಗಲೂ ಅದು ಅವರ ಕೈಯಲ್ಲೇ ಇತ್ತು.

1997ರ ಮೇ 4ರಂದು ಜಗದ್ಗುರು ಎರಡನೆಯ ಜಾನ್ ಪೌಲರು ಅವರನ್ನು ಪುನೀತರೆಂದು ಘೋಷಿಸಿದರು. ಆ ಗೌರವ ಪಡೆದ ಜಿಪ್ಸಿಗಳಲ್ಲಿ ಅವರೇ ಮೊದಲಿಗರು.