ಹೆಜ್ಜೆಯ ಭಾರ ಲೆಕ್ಕ ಹಾಕಿದ ಬಿಲ್ ಬೋವರ್‌ಮನ್

ಮಕ್ಕಳೇ, ಮಳೆ ನಿಂತ ಮೇಲೆ ಎರೆ ಹೊಲದಲ್ಲಿ ನಡೆದಿದ್ದೀರಾ? ದೋರನಹಳ್ಳಿ, ಶಹಾಪುರ, ಸುರಪುರದ ಕಡೆಯ ಮಕ್ಕಳಿಗೆ ಇದು ಚೆನ್ನಾಗಿ ಗೊತ್ತು. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಜಿಗುಟು ಮಣ್ಣು ಚಪ್ಪಲಿಗೆ ಮೆತ್ತಿಕೊಳ್ಳುತ್ತದೆ. ಕಾಲು ಎತ್ತುವುದೇ ಕಷ್ಟವಾಗುತ್ತದೆ. ಅಂಟಿದ ಮಣ್ಣು ಸ್ವಲ್ಪ, ಆದರೆ ದಣಿವು ಬಹಳ! ಏಕೆ ಹೀಗೆ? ಕಾಲಿನ ಮೇಲಿನ ಸಣ್ಣ ತೂಕವೂ ಓಟಗಾರನಿಗೆ ಎಷ್ಟು ದೊಡ್ಡದು ಎಂದು ಲೆಕ್ಕ ಹಾಕಿದ ಒಬ್ಬ ತರಬೇತುದಾರರ ಕಥೆ ಇಲ್ಲಿದೆ.

ಅವರ ಹೆಸರು ಬಿಲ್ ಬೋವರ್‌ಮನ್. ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರದಲ್ಲಿ 1911ರ ಫೆಬ್ರುವರಿ 19ರಂದು ಜನಿಸಿದರು. ಬಾಲ್ಯದ ಕೆಲವು ವರ್ಷಗಳನ್ನು ಫಾಸಿಲ್ ಎಂಬ ಚಿಕ್ಕ ಊರಿನಲ್ಲಿ ಕಳೆದರು. ಓದು ಮುಗಿಸಿ ಪ್ರೌಢಶಾಲೆಯಲ್ಲಿ ಶಿಕ್ಷಕರಾದರು, ಮಕ್ಕಳಿಗೆ ಆಟೋಟ ಕಲಿಸಿದರು. ಎರಡನೆಯ ಮಹಾಯುದ್ಧದಲ್ಲಿ ಸೈನಿಕರಾಗಿ ಇಟಲಿಯಲ್ಲಿ ಹೋರಾಡಿದರು. 1948ರಲ್ಲಿ ಯೂಜೀನ್ ಎಂಬ ಊರಿಗೆ ಬಂದು, ಅಲ್ಲಿನ ಒರೆಗಾನ್ ವಿಶ್ವವಿದ್ಯಾಲಯದ ಓಟಗಾರರಿಗೆ ತರಬೇತುದಾರರಾದರು.

ಆಗಿನ ಓಟದ ಶೂಗಳು ಭಾರವಾಗಿದ್ದವು. ಬೋವರ್‌ಮನ್ ಒಂದು ಸರಳ ಲೆಕ್ಕ ಹಾಕಿದರು. ಒಂದು ಮೈಲಿ ಎಂದರೆ ಸುಮಾರು 1,600 ಮೀಟರ್. ಆರು ಅಡಿಯ ಹೆಜ್ಜೆ ಹಾಕುವ ಓಟಗಾರನಿಗೆ ಅಷ್ಟು ದೂರಕ್ಕೆ 880 ಹೆಜ್ಜೆ ಬೇಕು. ಪ್ರತಿ ಶೂವಿನ ತೂಕವನ್ನು ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ ಇಳಿಸಿದರೆ ಏನಾಗುತ್ತದೆ? 880ನ್ನು 28ರಿಂದ ಗುಣಿಸಿ ನೋಡಿ. 24,640 ಗ್ರಾಂ! ಒಂದೇ ಮೈಲಿಯಲ್ಲಿ ಓಟಗಾರ ಸ್ವಲ್ಪ ಸ್ವಲ್ಪವಾಗಿ ಎತ್ತಬೇಕಿದ್ದ ಭಾರದಲ್ಲಿ ಹತ್ತಿರ ಹತ್ತಿರ 25 ಕಿಲೋ ಕಡಿಮೆಯಾಯಿತು.

ಇನ್ನೊಂದು ಕಾರಣವೂ ಇದೆ. ಸುತ್ತಿಗೆಯ ಹಿಡಿಯನ್ನು ತಲೆಯ ಹತ್ತಿರ ಹಿಡಿದು ಬೀಸುವುದು ಸುಲಭ. ಹಿಡಿಯ ತುದಿಯಲ್ಲಿ ಹಿಡಿದು ಬೀಸುವುದು ಕಷ್ಟ. ನಮ್ಮ ಕಾಲೂ ಹಾಗೆಯೇ. ತೂಕ ಪಾದದಲ್ಲಿ, ಅಂದರೆ ಕಾಲಿನ ತುದಿಯಲ್ಲಿದ್ದಾಗ ಅದನ್ನು ಬೀಸಲು ಹೆಚ್ಚು ಶಕ್ತಿ ಬೇಕು. ಆದ್ದರಿಂದಲೇ ಸೊಂಟಕ್ಕೆ ಕಟ್ಟಿದ ತೂಕಕ್ಕಿಂತ ಪಾದಕ್ಕೆ ಕಟ್ಟಿದ ಅಷ್ಟೇ ತೂಕ ಹೆಚ್ಚು ದಣಿಸುತ್ತದೆ.

ಹಗುರ ಶೂ ಮಾಡಿಕೊಡಿ ಎಂದು ಬೋವರ್‌ಮನ್ ಕಂಪನಿಗಳಿಗೆ ಪತ್ರ ಬರೆದರು. ಯಾರೂ ಕಿವಿಗೊಡಲಿಲ್ಲ. ಅವರು ಸುಮ್ಮನೆ ಕೂರಲಿಲ್ಲ. ಶೂ ದುರಸ್ತಿ ಮಾಡುವವರೊಬ್ಬರ ಬಳಿ ಹೋಗಿ ಆ ಕೆಲಸವನ್ನು ಕಲಿತರು. ತಂಡದ ಓಟಗಾರರ ಪಾದಕ್ಕೆ ಹೊಂದುವಂತೆ ತಾವೇ ಶೂ ಹೊಲಿದರು. ಕಾಂಗರೂ ಚರ್ಮ, ಮೀನಿನ ಚರ್ಮವನ್ನೂ ಬಳಸಿ ನೋಡಿದರು. ಕೆಲವು ಶೂಗಳು ಬೇಗ ಹರಿದವು. ಹರಿದದ್ದು ಎಲ್ಲಿ, ಕಾಲಿಗೆ ಒತ್ತಿದ್ದು ಎಲ್ಲಿ ಎಂದು ಓಟಗಾರರನ್ನು ಕೇಳಿ ಮತ್ತೆ ತಿದ್ದಿದರು. ಅವರ ಪ್ರಯೋಗಶಾಲೆ ಎಂದರೆ ಓಟದ ಮೈದಾನವೇ!

1962ರ ಕೊನೆಯಲ್ಲಿ ಅವರು ನ್ಯೂಜಿಲೆಂಡ್‌ಗೆ ಹೋದರು. ಅಲ್ಲಿ ಆರ್ಥರ್ ಲಿಡಿಯಾರ್ಡ್ ಎಂಬ ತರಬೇತುದಾರರು ಊರಿನ ಸಾಮಾನ್ಯ ಜನರನ್ನು ಗುಂಪುಗೂಡಿಸಿ ನಿಧಾನವಾಗಿ ಓಡಿಸುತ್ತಿದ್ದರು. ತಮಗಿಂತ ಎಷ್ಟೋ ಹಿರಿಯರ ಜೊತೆ ಓಡಲಾರದೆ ಬೋವರ್‌ಮನ್ ಹಿಂದೆ ಬಿದ್ದರು. ನಾಚಿಕೆಯಾಯಿತು, ಆದರೆ ಪಾಠವೂ ಸಿಕ್ಕಿತು. 1963ರಲ್ಲಿ ಯೂಜೀನ್‌ನಲ್ಲಿಯೂ ಊರಿನವರಿಗಾಗಿ ಅಂತಹ ಓಟದ ಗುಂಪು ಆರಂಭಿಸಿದರು. ಮರುವರ್ಷ ತಮ್ಮ ಹಳೆಯ ಶಿಷ್ಯ ಫಿಲ್ ನೈಟ್ ಜೊತೆ ತಲಾ 500 ಡಾಲರ್ ಹಾಕಿ ಶೂ ಮಾರುವ ಸಂಸ್ಥೆ ಕಟ್ಟಿದರು. ಮುಂದೆ ಅದೇ ನೈಕಿ ಕಂಪನಿಯಾಯಿತು.

ಯೂಜೀನ್‌ನ ಮೈದಾನಕ್ಕೆ ಕೃತಕ ಹಾಸು ಬಂದಾಗ ಹೊಸ ಸಮಸ್ಯೆ ಎದುರಾಯಿತು. ಕಬ್ಬಿಣದ ಮೊಳೆಗಳಿಲ್ಲದೆಯೂ ಜಾರದಂತಹ ಅಟ್ಟೆ ಬೇಕಾಗಿತ್ತು. ಒಂದು ಬೆಳಿಗ್ಗೆ ಅವರ ಹೆಂಡತಿ ಬಾರ್ಬರಾ ತಿಂಡಿಗೆ ವಾಫಲ್ ಮಾಡಿದ್ದರು. ವಾಫಲ್ ಎಂಬುದು ಎರಡು ಹಂಚುಗಳ ನಡುವೆ ಹಿಟ್ಟು ಹುಯ್ದು ಬೇಯಿಸುವ ತಿಂಡಿ. ನಮ್ಮ ಪಡ್ಡಿನ ಹಂಚಿನಲ್ಲಿ ದುಂಡನೆಯ ಗುಳಿಗಳಿದ್ದರೆ, ಅದರಲ್ಲಿ ಚೌಕುಳಿ ಗುಳಿಗಳಿರುತ್ತವೆ. ಆ ಚೌಕುಳಿಗಳನ್ನು ನೋಡುತ್ತಲೇ ಬೋವರ್‌ಮನ್‌ಗೆ ಹೊಸ ವಿಚಾರ ಹೊಳೆಯಿತು. ಅದೇ ಹಂಚಿಗೆ ರಬ್ಬರಿನಂತಹ ದ್ರವವನ್ನು ಹುಯ್ದರು. ಎಣ್ಣೆ ಸವರದ ಹಂಚಿಗೆ ದೋಸೆ ಕಚ್ಚಿಕೊಳ್ಳುವಂತೆ ಅದು ಅಂಟಿಕೊಂಡು, ಹಂಚು ತೆರೆಯಲೇ ಇಲ್ಲ! ಬೇರೆ ಅಚ್ಚು ತಂದು ಮತ್ತೆ ಮತ್ತೆ ಪ್ರಯತ್ನಿಸಿದರು. ಕೊನೆಗೆ ಸಣ್ಣ ಸಣ್ಣ ಗುಬಟುಗಳಿರುವ, ಹಗುರವಾದ, ನೆಲವನ್ನು ಹಿಡಿಯುವ ಅಟ್ಟೆ ಸಿದ್ಧವಾಯಿತು. 1974ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು.

ಆದರೆ ಈ ಸಾಧನೆಗೆ ಅವರು ದೊಡ್ಡ ಬೆಲೆ ತೆತ್ತರು. ಗಾಳಿಯಾಡದ ಚಿಕ್ಕ ಕೋಣೆಯಲ್ಲಿ ಕುಳಿತು ವರ್ಷಗಟ್ಟಲೆ ಅಂಟು ಮತ್ತು ದ್ರಾವಕಗಳನ್ನು ಬಳಸಿದ್ದರು. ಅವುಗಳ ವಿಷದ ಆವಿ ಉಸಿರಿನೊಡನೆ ಮೈ ಸೇರಿ, ಕಾಲುಗಳ ನರಗಳು ಹಾಳಾದವು. ಲಕ್ಷಾಂತರ ಜನರನ್ನು ಓಡುವಂತೆ ಮಾಡಿದವರು ಕೊನೆಗೆ ತಾವೇ ರೂಪಿಸಿದ ಶೂ ತೊಟ್ಟು ಓಡಲಾರದಾದರು. 1999ರ ಡಿಸೆಂಬರ್ 24ರಂದು, 88ನೆಯ ವಯಸ್ಸಿನಲ್ಲಿ ಬೋವರ್‌ಮನ್ ತೀರಿಕೊಂಡರು. ಅಂಟು, ಬಣ್ಣ, ಥಿನ್ನರ್ ಬಳಸುವಾಗ ಕಿಟಕಿ ಬಾಗಿಲು ತೆರೆದಿರಬೇಕು. ಅವುಗಳನ್ನು ಎಂದೂ ಮೂಸಬಾರದು. ಅವರ ಬದುಕಿನಿಂದ ಈ ಪಾಠವನ್ನೂ ನಾವು ಕಲಿಯಬೇಕು.

ಮಾಡಿ ನೋಡಿ

ನಿಮ್ಮ ಶಾಲೆಯ ಓಟದ ತಂಡಕ್ಕೆ ಅಂಗಿ ಆರಿಸಬೇಕೆಂದುಕೊಳ್ಳಿ. ಬಣ್ಣ ನೋಡುವ ಮೊದಲು ಬೋವರ್‌ಮನ್ ಅವರಂತೆ ತೂಕ ನೋಡಿ. ಒಂದೇ ತೂಕದ ಎರಡು ಬಟ್ಟೆ ತುಂಡುಗಳನ್ನು ತೆಗೆದುಕೊಳ್ಳಿ. ಒಂದು ದಪ್ಪ ಹತ್ತಿಯದು, ಇನ್ನೊಂದು ತೆಳು ಪಾಲಿಯೆಸ್ಟರಿನದು. ಎರಡನ್ನೂ ನೀರಿನಲ್ಲಿ ಅದ್ದಿ, ಹಿಂಡಿ, ತಕ್ಕಡಿಯಲ್ಲಿಟ್ಟು ನೋಡಿ. ಯಾವುದು ಹೆಚ್ಚು ಭಾರ? ನೆರಳಿನಲ್ಲಿ ಹರವಿದರೆ ಯಾವುದು ಬೇಗ ಒಣಗುತ್ತದೆ? ಹತ್ತಿ ನೀರನ್ನು ತನ್ನೊಳಗೆ ಹೀರಿಕೊಳ್ಳುತ್ತದೆ, ಪಾಲಿಯೆಸ್ಟರ್ ಬಹಳ ಕಡಿಮೆ ಹೀರುತ್ತದೆ. ಬೆವರಿದಾಗಲೂ ಹೀಗೆಯೇ ಆಗುತ್ತದೆ. ಹಾಗಾದರೆ ಓಟಕ್ಕೆ ಯಾವ ಅಂಗಿ ಒಳ್ಳೆಯದು? ಗೆಳೆಯರೊಂದಿಗೆ ಚರ್ಚಿಸಿ, ಉತ್ತರ ಬರೆದು ನಿಮ್ಮ ಶಿಕ್ಷಕರಿಗೆ ತೋರಿಸಿ.