ಎರಡನೇ ಇಬ್ರಾಹಿಂ ಆದಿಲ್ ಶಾ

ಎರಡನೇ ಇಬ್ರಾಹಿಂ ಆದಿಲ್ ಶಾ (ಸು. 1570–1627) ವಿಜಯಪುರದ ಆದಿಲ್ ಶಾಹಿ ಮನೆತನದ ಪ್ರಸಿದ್ಧ ಸುಲ್ತಾನ. 1580ರಿಂದ 1627ರವರೆಗೆ ಆಳಿದ ಈತ ಸಂಗೀತಗಾರನೂ ದಖನಿ ಭಾಷೆಯ ಕವಿಯೂ ಆಗಿದ್ದ. ಸಂಸ್ಕೃತದ 'ನವರಸ' ಎಂಬ ಪದವನ್ನು 'ನೌರಸ್' ಎಂಬ ರೂಪದಲ್ಲಿ ಪರ್ಷಿಯನ್ ಆಸ್ಥಾನದ ಬಳಕೆಗೆ ತಂದು, ತನ್ನ ಗ್ರಂಥಕ್ಕೂ ಹೊಸ ನಗರಕ್ಕೂ ಅದೇ ಹೆಸರನ್ನಿಟ್ಟ. ಪ್ರಜೆಗಳು ಈತನನ್ನು ಜಗದ್ಗುರು ಬಾದಶಹ ಎಂದು ಕರೆಯುತ್ತಿದ್ದರೆಂಬುದು ಪ್ರಸಿದ್ಧ.

ಆರಂಭಿಕ ಜೀವನ

ಇಬ್ರಾಹಿಮನ ತಂದೆ ತಹಮಾಸ್ಪ್, ಒಂದನೇ ಅಲಿ ಆದಿಲ್ ಶಾನ ಸಹೋದರ. 1580ರಲ್ಲಿ ಅಲಿಯ ಕೊಲೆಯಾದಾಗ ಅವನಿಗೆ ಗಂಡುಮಕ್ಕಳಿರಲಿಲ್ಲ. ಸುಮಾರು ಒಂಬತ್ತು ವರ್ಷದ ಇಬ್ರಾಹಿಂ ಸಿಂಹಾಸನವೇರಿದ. ಅಲಿಯ ವಿಧವೆ ಚಾಂದ್ ಬೀಬಿ ಬಾಲಕನ ಪರವಾಗಿ ರಾಜ್ಯವನ್ನು ನೋಡಿಕೊಂಡಳು. ಆದರೆ ಸರದಾರರ ಒಳಜಗಳ ನಿಲ್ಲಲಿಲ್ಲ. 1582ರಿಂದ ದಿಲಾವರ್ ಖಾನನೇ ನಿಜವಾದ ಅಧಿಕಾರಿಯಾಗಿದ್ದ. ಅವನನ್ನು 1590ರಲ್ಲಿ ಹೊರಹಾಕಿದ ಬಳಿಕವೇ ಇಬ್ರಾಹಿಮನ ಸ್ವತಂತ್ರ ಆಳ್ವಿಕೆ ಮೊದಲಾಯಿತು.

ಇಂದಿನ ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ತಾಲ್ಲೂಕುಗಳ ಸೀಮೆ, ಅಂದರೆ ಭೀಮಾ ಮತ್ತು ಕೃಷ್ಣಾ ನದಿಗಳ ನಡುವಿನ ನಾಡು, ಇವನ ರಾಜಧಾನಿಯ ಆಸುಪಾಸಿನ ಪ್ರದೇಶ. ಅಲ್ಲಿನ ಜನರ ಮಾತು ಕನ್ನಡ. ಆಸ್ಥಾನದಲ್ಲಿ ಪರ್ಷಿಯನ್ ಮತ್ತು ದಖನಿ. ಪದಗಳು ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟುವುದು ಇಂಥ ನಾಡಿನಲ್ಲಿ ದಿನನಿತ್ಯದ ಸಂಗತಿಯಾಗಿತ್ತು.

'ನೌರಸ್' ಪದ

ಇಟಾಲಿಯನ್ ಭಾಷೆಯ ಸೊನಾಟಾ, ಸೊಪ್ರಾನೊ ಮೊದಲಾದ ಪದಗಳು ಇಂಗ್ಲಿಷಿಗೆ ಬಂದಾಗ ಬಹುಮಟ್ಟಿಗೆ ಸಂಗೀತದ ಪಾರಿಭಾಷಿಕ ಪದಗಳಾಗಿಯೇ ಉಳಿದವು. ನೌರಸ್ ಹಾಗಲ್ಲ. ಅಲಂಕಾರಶಾಸ್ತ್ರದಲ್ಲಿ ನವರಸವೆಂದರೆ ಶೃಂಗಾರದಿಂದ ಶಾಂತದವರೆಗಿನ ಒಂಬತ್ತು ರಸಗಳು. ದಖನಿಯಲ್ಲಿಯೂ 'ನೌ' ಎಂದರೆ ಒಂಬತ್ತು. ಆದರೆ ಪರ್ಷಿಯನ್ ಬಲ್ಲವನ ಕಿವಿಗೆ 'ನೌ' ಎಂದರೆ ಹೊಸತು. ನೌರಸ್ ಎಂದರೆ ಹೊಸದಾಗಿ ಬಂದದ್ದು, ಆಗತಾನೇ ಮಾಗಿದ್ದು. ಒಂದೇ ಉಚ್ಚಾರಣೆಯಲ್ಲಿ ಎರಡು ಪರಂಪರೆಗಳ ಅರ್ಥ ಕೂಡಿಕೊಂಡದ್ದರಿಂದಲೇ ಪದ ಆಸ್ಥಾನದ ಎರಡೂ ಬಗೆಯ ವಿದ್ವಾಂಸರಿಗೆ ಒಪ್ಪಿಗೆಯಾಯಿತೆನ್ನಬಹುದು.

ಇವನ ಕೃತಿ ಕಿತಾಬ್-ಎ-ನೌರಸ್ 59 ಗೀತೆಗಳನ್ನೂ 17 ದ್ವಿಪದಿಗಳನ್ನೂ ಒಳಗೊಂಡಿದೆ. ಭಾಷೆ ದಖನಿ, ಶಬ್ದಸಂಪತ್ತು ಹೆಚ್ಚಾಗಿ ಸಂಸ್ಕೃತಮೂಲದ್ದು. ಪ್ರತಿ ಗೀತೆಯ ಮೇಲೆ ಅದನ್ನು ಹಾಡಬೇಕಾದ ರಾಗದ ಹೆಸರಿದೆ. ಆದರೆ ರಾಗವನ್ನು ಸೂಚಿಸಲು ಬಳಸಿರುವುದು ಅರಬ್ಬೀ–ಪರ್ಷಿಯನ್ ಸಂಗೀತದ 'ಮಕಾಮ್' ಎಂಬ ಪದ. ಭೂಪಾಲಿ, ಭೈರವ, ಮಲ್ಹಾರ, ಕಲ್ಯಾಣಗಳೆಲ್ಲ ಇಲ್ಲಿ ಮಕಾಮ್‌ಗಳೇ. ಸರಸ್ವತಿ ಮತ್ತು ಗಣಪತಿಯರ ಸ್ತುತಿ, ಪ್ರವಾದಿ ಮಹಮ್ಮದರ ಹಾಗೂ ಕಲಬುರಗಿಯ ಸೂಫಿ ಸಂತ ಬಂದೇ ನವಾಜರ ಸ್ಮರಣೆ ಒಂದೇ ಗ್ರಂಥದಲ್ಲಿ ಬರುತ್ತವೆ. ಸುಲ್ತಾನನ ಪ್ರೀತಿಯ ತಂಬೂರಿ ಮೋತಿ ಖಾನ್, ಆನೆ ಆತಶ್ ಖಾನ್ ಕೂಡ ಗೀತೆಗಳಿಗೆ ವಸ್ತುವಾಗಿವೆ. ಕೃತಿಗೆ ಪರ್ಷಿಯನ್ ಗದ್ಯದಲ್ಲಿ ಮುನ್ನುಡಿ ಬರೆದವನು ಆಸ್ಥಾನಕವಿ ಜುಹೂರಿ. ಇತಿಹಾಸಕಾರ ಫರಿಷ್ತಾನ ಪ್ರಸಿದ್ಧ ಗ್ರಂಥಕ್ಕೂ ನೌರಸ್-ನಾಮಾ ಎಂಬ ಇನ್ನೊಂದು ಹೆಸರಿದೆ.

ಸರಸ್ವತಿಯ ಸ್ತುತಿಯನ್ನು ಮುಂದಿಟ್ಟು ಸುಲ್ತಾನ ಮತಾಂತರಗೊಂಡಿದ್ದನೆಂದು ಹೇಳುವುದುಂಟು. ಅದೇ ಕೃತಿಯಲ್ಲಿರುವ ಪ್ರವಾದಿಯ ಸ್ಮರಣೆಯನ್ನು ಗಮನಿಸಿದರೆ ಈ ಮಾತು ನಿಲ್ಲುವುದಿಲ್ಲ. ಸರಸ್ವತಿ ಇಲ್ಲಿ ವಿದ್ಯೆ ಮತ್ತು ನಾದದ ಅಧಿದೇವತೆ.

ನೌರಸಪುರ

1599ರಲ್ಲಿ ಇಬ್ರಾಹಿಂ ರಾಜಧಾನಿಯ ಪಶ್ಚಿಮಕ್ಕೆ, ತೊರವೆಯ ಬಳಿ, ನೌರಸಪುರವೆಂಬ ನಗರವನ್ನು ಕಟ್ಟಿಸತೊಡಗಿದ. ಕುಮಾರ ವಾಲ್ಮೀಕಿಯ ತೊರವೆ ರಾಮಾಯಣದಿಂದ ಕನ್ನಡಿಗರಿಗೆ ಪರಿಚಿತವಾದ ಊರು ಇದೇ. ಕೋಟೆಗೋಡೆ ಪೂರ್ಣಗೊಳ್ಳಲೇ ಇಲ್ಲ. 1624ರಲ್ಲಿ ಅಹಮದ್‌ನಗರದ ಮಲಿಕ್ ಅಂಬರ್ ದಂಡೆತ್ತಿ ಬಂದು ನಗರವನ್ನು ಹಾಳುಗೆಡವಿದ. ಸಂಗೀತ ಮಹಲಿನ ಅವಶೇಷಗಳು ಈಗಲೂ ಅಲ್ಲಿವೆ.

ರಾಜಕೀಯ

ಸಂಗೀತದಲ್ಲಿ ಮುಳುಗಿದ್ದರೂ ಇವನು ರಾಜ್ಯವನ್ನು ಕಡೆಗಣಿಸಲಿಲ್ಲ. 1594ರಲ್ಲಿ ಬೆಳಗಾವಿಯಲ್ಲಿ ಬಂಡೆದ್ದ ಸಹೋದರ ಇಸ್ಮಾಯಿಲನನ್ನು ಅಡಗಿಸಿದ. 1619ರಲ್ಲಿ ಬೀದರನ್ನು ಗೆದ್ದುಕೊಂಡ. ಮೊಗಲರೊಂದಿಗೆ ನೇರ ಯುದ್ಧವನ್ನು ತಪ್ಪಿಸಲು ಮಗಳನ್ನು ಅಕ್ಬರನ ಮಗ ದಾನಿಯಾಲನಿಗೆ ಕೊಟ್ಟ. ಆ ಸಂದರ್ಭದಲ್ಲಿ ವಿಜಯಪುರಕ್ಕೆ ಬಂದಿದ್ದ ಮೊಗಲ್ ರಾಯಭಾರಿ ಅಸದ್ ಬೇಗ್ ತನ್ನ ಬರಹದಲ್ಲಿ ಸುಲ್ತಾನನ ಸಂಗೀತದ ತನ್ಮಯತೆಯನ್ನು ವರ್ಣಿಸಿದ್ದಾನೆ. ತಾನಸೇನ ಅಕ್ಬರನೆದುರು ಹಾಡುವಾಗ ನಿಲ್ಲುತ್ತಿದ್ದನೋ ಕುಳಿತಿರುತ್ತಿದ್ದನೋ ಎಂದು ಸುಲ್ತಾನ ವಿಚಾರಿಸಿದನಂತೆ.

ನಿಧನ

1627ರಲ್ಲಿ ಇಬ್ರಾಹಿಂ ನಿಧನನಾದ. ರಾಣಿ ತಾಜ್ ಸುಲ್ತಾನಾಳಿಗಾಗಿ ಮಲಿಕ್ ಸಂದಲನ ಉಸ್ತುವಾರಿಯಲ್ಲಿ ನಿರ್ಮಾಣವಾದ ಇಬ್ರಾಹಿಂ ರೋಜಾದಲ್ಲಿ ಇವನ ಸಮಾಧಿಯೂ ಇದೆ. ಮಗ ಮಹಮ್ಮದ್ ಆದಿಲ್ ಶಾ ಪಟ್ಟಕ್ಕೆ ಬಂದ. ಗೋಲಗುಮ್ಮಟ ಅವನ ಸಮಾಧಿ. ಕಿತಾಬ್-ಎ-ನೌರಸ್ ಅನ್ನು ವಿದ್ವಾಂಸ ನಜೀರ್ ಅಹಮದ್ ಸಂಪಾದಿಸಿ 1956ರಲ್ಲಿ ಪ್ರಕಟಿಸಿದರು.